ಅರವತ್ನಾಲ್ಕು ಕೂಸಿನ ಕಂಬಳಿ

ನಮ್ಮ ಹೋಟೆಲಿನ ಲಿಫ್ಟಿನ ಪಕ್ಕದ ಗೋಡೆಯ ಮೇಲೆ ಬೆರಿಟ್ ಮಾರೆಂಡಾಲ್ ಎಂಬ ಹೆಂಗಸಿನ ಫೋಟೋ ಇದೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುರ್ಚಿಯ ಮೇಲೆ ಕುಳಿತಿದ್ದಾಳೆ. ನಗುತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳನ್ನು ನೋಡಿ ನನಗೆ ನಮ್ಮ ಆಯಿಯ ನೆನಪಾಯಿತು. ಆಯಿ, ಅಂದರೆ ಅಪ್ಪನ ತಾಯಿ ಮಾಳಮ್ಮ, ಕೂಡ ಫೋಟೋ ತೆಗೆಯುವಾಗ ಹೀಗೇ ಬಿಗಿಯಾಗಿ ಕೂಡುತ್ತಾಳೆ.

ಹೋಟೆಲು ಇರುವುದು ಜಹೀರಾಬಾದಿನ ಹೊರಗೆ, ಮುಂಬೈ ಹೆದ್ದಾರಿಯ ಮೇಲೆ. ನಮ್ಮ ಊರು ನಾರಾಯಣಖೇಡದ ಹತ್ತಿರ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಆಮೇಲೆ ಕುರಿಮರಿಗಳನ್ನು ನೋಡಿಕೊಳ್ಳುವುದು, ಆಯಿಯ ಜೊತೆ ಕೂತು ಉಣ್ಣೆ ನೂಲುವುದು, ಅಷ್ಟೇ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನ್ನಿಂದ ಆಗುತ್ತಿರಲಿಲ್ಲ. ಕೋಣೆ ಸ್ವಚ್ಛ ಮಾಡುವ ಕೆಲಸಕ್ಕೆ ಮಾತು ಬೇಕಿಲ್ಲ ಎಂದು ಹೇಳಿದ್ದರಿಂದಲೇ ಬಂದೆ.

ಆದರೆ ಹೋಟೆಲು ಇನ್ನೂ ತೆರೆದಿರಲಿಲ್ಲ, ಮೊದಲ ಮೂರು ದಿನ ಪೊರಕೆ ಮುಟ್ಟಿಸಲಿಲ್ಲ. ನಮ್ಮನ್ನೆಲ್ಲ ಒಂದು ಹಾಲಿನಲ್ಲಿ ಕೂಡಿಸಿ ಕಂಪನಿಯ ಚರಿತ್ರೆ ಹೇಳಿದರು. ಹೇಳಿದವರು ಮ್ಯಾನೇಜರ್ ಅನಿಲಕುಮಾರ ಸರ್. ತಾಂಡೂರಿನವರು. ಅವರ ತಂದೆ ಅಲ್ಲಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಇದ್ದರಂತೆ. ನಮ್ಮ ಹೋಟೆಲಿನ ನೆಲಕ್ಕೆ ಹಾಕಿದ್ದೂ ತಾಂಡೂರಿನ ನೀಲಿ ಕಲ್ಲೇ.

ನೂರು ವರ್ಷದ ಹಿಂದೆ, ಬಡಗಣ ಸಮುದ್ರದ ಒಂದು ಬಂದರಿನಲ್ಲಿ ಬೆರಿಟ್‌ಳ ಗಂಡ ಹಡಗಿನ ಜೊತೆ ಮುಳುಗಿಹೋದ. ಅವಳು ತನ್ನ ಮನೆಯ ಒಂಬತ್ತು ಕೋಣೆಗಳನ್ನು ನಾವಿಕರಿಗೆ ಕೊಡತೊಡಗಿದಳು. ಅಲ್ಲಿ ನೆಲ ಕಲ್ಲಿನದು, ಚಳಿಗೆ ಮಂಜುಗಡ್ಡೆಯ ಹಾಗೆ ಆಗುತ್ತಿತ್ತು. ನೆನೆದ ಕಾಲಲ್ಲಿ ಬಂದವರು ಹಾಸಿಗೆಯಿಂದ ಇಳಿದರೆ ಕಾಲಿಗೆ ಬೆಚ್ಚಗಿರಲಿ ಎಂದು ಪ್ರತಿ ಮಂಚದ ಪಕ್ಕ ಕುರಿಯ ಉಣ್ಣೆಯ ಸಣ್ಣ ಹಾಸು ಹಾಕಿದಳು. ಆ ಹಾಸಿನ ಸುದ್ದಿ ಹಡಗುಗಳ ಜೊತೆ ಊರೂರಿಗೆ ಹೋಯಿತು. ಎರಡನೆಯ ಮನೆ ರೈಲು ನಿಲ್ದಾಣದ ಎದುರು ಎದ್ದಿತು. ಯುದ್ಧ ಮುಗಿದ ಮೇಲೆ ಅವಳ ಮಗ ವಿಮಾನ ನಿಲ್ದಾಣಗಳ ಹತ್ತಿರ ಹೋಟೆಲು ಕಟ್ಟಿಸಿದ. ಮೊಮ್ಮಗ ಕಟ್ಟಿಸುವುದನ್ನೇ ಬಿಟ್ಟ. ಕಟ್ಟಡ ಯಾರದಾದರೂ ಇರಲಿ, ಹೆಸರು ಮತ್ತು ನಿಯಮ ನಮ್ಮದು ಎಂದ. ಅಲ್ಲಿಂದ ಅದು ನಿಲ್ಲಲೇ ಇಲ್ಲ. ಈಗ ನಲವತ್ತೊಂದು ದೇಶಗಳಲ್ಲಿ ಏಳುನೂರು ಹೋಟೆಲು. ಎಲ್ಲ ಕಡೆ ಅವೇ ನಾಲ್ಕು ದಿಂಬು, ಟವೆಲಿಗೆ ಅವೇ ಮೂರು ಮಡಿಕೆ, ದೀಪದ ಗುಂಡಿ ಅದೇ ಎಡಗಡೆ. ಒಂದೇ ಒಂದು ವಸ್ತು ಮಾತ್ರ ಊರಿಂದ ಊರಿಗೆ ಬೇರೆ. ಮಂಚದ ಪಕ್ಕದ ಹಾಸು ಆಯಾ ಸೀಮೆಯ ಉಣ್ಣೆಯದೇ ಆಗಿರಬೇಕು.

ಇಷ್ಟು ಹೇಳಿ ಅನಿಲಕುಮಾರ ಸರ್ ಕೇಳಿದರು. "ಈ ಕಡಿ ಉಣ್ಣಿ ಕೆಲಸ ಯಾರ ಮಾಡ್ತಾರ? ಯಾರಿಗರ ಗೊತ್ತದೇನು?"

ನನಗೆ ಆ ಬೆರಿಟ್‌ಳ ಕಥೆ ಎದೆಗೆ ತಾಕಿತ್ತು. ಹೇಗೆ ಬಂತೋ ಗೊತ್ತಿಲ್ಲ, ಬಾಯಿಂದ ಮಾತು ಬಂದೇಬಿಟ್ಟಿತು. "ನಮ್ಮ ಮನ್ಯಾಗ ಮುತ್ಯಾ ಕಂಬಳಿ ನೇಯ್ತಾನ್ರೀ."

"ಅಗಾ! ಈಕಿಗಿ ಬಾಯಿ ಅದ!" ಎಂದಳು ಲಕ್ಷ್ಮಿಬಾಯಿ. ಅವಳು ನಮ್ಮ ಮೇಲ್ವಿಚಾರಕಿ. "ಮೂರ್ ದಿನಾ ಆತು, ನಾ ಮೂಗಿ ಅಂದ್ಕೊಂಡಿದ್ದೆ."

ಎಲ್ಲರೂ ನಕ್ಕರು. ಆಮೇಲೆ ಚಪ್ಪಾಳೆ ಹೊಡೆದರು. ನನಗಾಗಿ ಯಾರಾದರೂ ಚಪ್ಪಾಳೆ ಹೊಡೆದದ್ದು ಅದೇ ಮೊದಲು.

ಅಳತೆ ಬರೆದುಕೊಂಡು ಊರಿಗೆ ಹೋದೆ. ಮುತ್ಯಾ, ಅಂದರೆ ಅಜ್ಜ ಕಲ್ಯಾಣಪ್ಪ, ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ಅಳತೆ ನೋಡಿದ. ಉದ್ದ ಎರಡು ಮೊಳ, ಅಗಲ ಒಂದೂವರೆ.

"ಇದು ತೊಟ್ಲಿನ ಅಳತಿ" ಎಂದ.

ನಮ್ಮ ಮನೆಯಲ್ಲಿ ಅಷ್ಟು ಸಣ್ಣ ಕಂಬಳಿಯನ್ನು ಕೂಸಿಗಲ್ಲದೆ ಬೇರೆ ಯಾವುದಕ್ಕೂ ನೇಯುವುದಿಲ್ಲ. ಹುಟ್ಟಿದ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕೆಳಗೆ ಹಾಸುವುದಕ್ಕೆ. ಅದರ ಮೂಲೆಗೆ ಕೆಂಪು ದಾರದ ಗಂಟು ಹಾಕುತ್ತೇವೆ. ಮನೆಯ ಮದುವೆಯಾಗದ ಹುಡುಗಿಯೇ ಅದನ್ನು ಹಾಕಬೇಕು, ಹಾಕುವಾಗ ಮಾತಾಡಬಾರದು, ಕೂಸಿಗೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲಿ ಅಂದುಕೊಳ್ಳಬೇಕು. ಆ ಕಂಬಳಿಗೆ ಯಾರೂ ಕಾಲು ತಾಗಿಸುವುದಿಲ್ಲ. ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ.

"ಎಷ್ಟ್ ಬೇಕಂತ?" ಆಯಿ ಕೇಳಿದಳು.

"ಅರವತ್ನಾಲ್ಕು."

"ಅರವತ್ನಾಲ್ಕು ಕೂಸಾ! ಯವ್ವಾ, ಅದು ಹೋಟ್ಲಾ, ಹೆರಗಿ ದವಾಖಾನಿಯಾ?"

"ನಿನಗೇನ್ ಗೊತ್ತು ಸುಮ್ಕಿರು" ಎಂದ ಮುತ್ಯಾ. "ದೊಡ್ಡ ಮಂದಿ ಮಕ್ಳನ್ನ ಕಟ್ಕೊಂಡೇ ತಿರಗ್ತಾರ. ಕೋಣಿಗೊಂದು ತೊಟ್ಲಾ ಇಟ್ಟಿರಬೇಕು. ಹೌದಿಲ್ಲೋ ಶಿರೀಷಾ?"

ಇಬ್ಬರೂ ನನ್ನ ಮುಖ ನೋಡಿದರು. ಮುತ್ಯಾನ ಮಗ್ಗಕ್ಕೆ ಎರಡು ವರ್ಷದಿಂದ ಹಳೆಯ ಚಾದರ ಹೊದಿಸಿತ್ತು. ಅವನು ಆಗಲೇ ಎದ್ದು ಅದರ ಒಂದು ತುದಿ ಎತ್ತಿ ನಿಂತಿದ್ದ.

"ಹ್ಞೂಂ" ಎಂದೆ.

ನಾಳೆ ನಿಜ ಹೇಳೋಣ ಎಂದುಕೊಂಡಿದ್ದೆ. ಮರುದಿನ ಆಯಿ ಉಣ್ಣೆ ಬಿಡಿಸುತ್ತ ಕುಳಿತಿದ್ದಳು. ಅದರ ಮರುದಿನ ನೂಲಿಗೆ ಹಚ್ಚಲು ಹುಣಸೆಬೀಜದ ಸರಿ ಕುದಿಯುತ್ತಿತ್ತು, ಮನೆಯೆಲ್ಲ ಅದರ ವಾಸನೆ. ನಾಲ್ಕು ತಿಂಗಳು ಮಗ್ಗ ನಡೆಯಿತು. ವಾರಕ್ಕೊಮ್ಮೆ ನಾನು ಊರಿಗೆ ಬಂದಾಗ ಆಯಿ ನಾಲ್ಕೋ ಐದೋ ಕಂಬಳಿ ಮಡಿಸಿ ಇಟ್ಟಿರುತ್ತಿದ್ದಳು. ಕೆಂಪು ದಾರ ನನ್ನ ಕೈಗೆ ಕೊಡುತ್ತಿದ್ದಳು. ಗಂಟು ಹಾಕುವಾಗ ಮಾತಾಡಬಾರದು ಎಂಬುದು ನನಗೆ ಅನುಕೂಲವಾಯಿತು. ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲಿ ಅಂದುಕೊಳ್ಳಲು ಹೋದರೆ ಮಾತ್ರ ಯಾರಿಗೆ ಅಂದುಕೊಳ್ಳಬೇಕು ಎಂದು ತಿಳಿಯುತ್ತಿರಲಿಲ್ಲ. ಅರವತ್ನಾಲ್ಕು ಗಂಟುಗಳನ್ನೂ ನಾನೇ ಹಾಕಿದೆ.

ಹೋಟೆಲು ತೆರೆದಾಗ ಕಂಬಳಿಗಳು ಮಂಚಗಳ ಬಲಕ್ಕೆ, ಒಂದು ಗೇಣು ಬಿಟ್ಟು, ನೆಲಕ್ಕೆ ಬಂದವು. ಬಂದವರು ಬೆರಿಟ್‌ಳ ನಾವಿಕರ ಹಾಗೆ ಬರಿಗಾಲಲ್ಲಿ ಇರುತ್ತಿರಲಿಲ್ಲ. ಬೂಟು ಬಿಚ್ಚದೆ ಮಂಚದ ತುದಿಗೆ ಕೂತು ಫೋನಿನಲ್ಲಿ ಮಾತಾಡುವರು. ಒಬ್ಬರು ಬೂಟಿನ ಪಾಲಿಶನ್ನು ಅದಕ್ಕೇ ಒರೆಸಿದ್ದರು. ನಾನು ದಿನಾ ಬಗ್ಗಿ ಕಂಬಳಿ ಎತ್ತಿ, ಯಾರೂ ಇಲ್ಲದ್ದು ನೋಡಿ ಕಣ್ಣಿಗೆ ಒತ್ತಿಕೊಂಡು, ಕೊಡವಿ, ಬ್ರಷ್ ಹಾಕಿ ಮತ್ತೆ ಅಲ್ಲೇ ಹಾಸುತ್ತಿದ್ದೆ. ಒಂದು ದಿನ ಮನಸ್ಸು ತಡೆಯದೆ ಮಡಿಸಿ ಕುರ್ಚಿಯ ಮೇಲೆ ಇಟ್ಟೆ.

"ಇದೇನು, ಕುರ್ಚಿಗಿ ಚಳಿ ಹತ್ತ್ಯಾದಾ?" ಲಕ್ಷ್ಮಿಬಾಯಿ ಅದನ್ನು ತಾನೇ ನೆಲಕ್ಕೆ ಹಾಸಿ, ಬೂಟಿನ ತುದಿಯಿಂದ ಸರಿಮಾಡಿದಳು. "ಬೆಲ್ಜಿಯಮ್‌ದಾಗ ಹೆಂಗದ ಇಲ್ಲೂ ಹಂಗೇ ಇರಬೇಕು ನೋಡವ್ವಾ. ನಿನ್ನ ಆರು ತಿಂಗಳ ಪರೀಕ್ಷಾ ಇನ್ನಾ ಮುಗಿದಿಲ್ಲ."

ಅದಕ್ಕಿಂತ ಕಷ್ಟದ್ದು ಊರಿನಲ್ಲಿತ್ತು. ರಜೆಗೆ ಹೋದರೆ ಆಯಿ ಚಹಾದ ಕಪ್ಪು ಕೈಗೆ ಕೊಡುವ ಮೊದಲೇ ಕೇಳುವಳು. "ಈ ವಾರ ಯಾವ್ಯಾವ ಕೂಸು ಬಂದಿದ್ವು?"

ಒಂದು ಬಂದಿತ್ತು ಎಂದೆ. ಪುಣೆಯದು, ಗುಂಗುರು ಕೂದಲು. ಮುಂದಿನ ವಾರ ಅವಳಿ. ಆಮೇಲೆ ಹಲ್ಲು ಬರುತ್ತಿದ್ದ ಒಂದು ಹೆಣ್ಣು ಕೂಸು, ರಾತ್ರಿ ಮಲಗದ್ದು, ನಮ್ಮ ಕಂಬಳಿಯ ಮೇಲೆ ಹಾಕಿದ ಕೂಡಲೇ ನಿದ್ದೆ ಹೋದದ್ದು. ಆಯಿ ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದಳು. ನಾಲ್ಕು ಜನರ ಮುಂದೆ ಬಾಯಿ ಬಿಡಲಾಗದ ನಾನು ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಜನವರಿಯಲ್ಲಿ ಬೆರಿಟ್‌ಳ ಹುಟ್ಟುಹಬ್ಬ ಬರುತ್ತದೆ. ಆ ದಿನ ಏಳುನೂರು ಹೋಟೆಲುಗಳಲ್ಲೂ ಹಾಸು ನೇಯ್ದವರನ್ನು ಕರೆದು ಗೌರವಿಸುವುದು ರೂಢಿ. ಅನಿಲಕುಮಾರ ಸರ್ ನನಗೆ ಹೇಳದೆ ನೇರ ಮುತ್ಯಾನ ಫೋನಿಗೆ ಮಾತಾಡಿದ್ದರು. ಮುತ್ಯಾನಿಗೆ ಮೊಣಕಾಲು ನೋವು. ಆಯಿ ತಾನು ಹೋಗುತ್ತೇನೆ ಎಂದಳಂತೆ. ನಾನು ಅವಳನ್ನು ಕರೆತರಲು ಊರಿಗೆ ಹೋದೆ. ಬಸ್ಸಿನಲ್ಲಿ ಹೇಳಲೇಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಆಯಿ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಬಸ್ಸು ನಾರಾಯಣಖೇಡ ದಾಟಿದ ಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಡಬ್ಬಿ ತೋರಿಸಿದಳು. ಹರಳೆಣ್ಣೆಯ ದೀಪಕ್ಕೆ ಹಿಡಿದು ಮಾಡಿದ ಕಾಡಿಗೆ.

"ಎಷ್ಟ್ ಕೂಸು ಇರ್ತಾವೋ ಏನೋ. ಎಲ್ಲಾಕೂ ಅಂಗಾಲಿಗಿ ಒಂದೊಂದು ಬೊಟ್ಟು ಇಡ್ತೀನಿ. ಅವರ ತಾಯಂದ್ರು ಬೈತಾರೇನ?"

"ಆಯೀ" ಎಂದೆ.

"ಏನವ್ವಾ?"

"ಏನಿಲ್ಲ. ಕಿಡಕಿ ಹಾಕ್ಲಾ? ಗಾಳಿ ಬರ್ಲಾಕತ್ತದ."

ಹೋಟೆಲಿನಲ್ಲಿ ಶಾಲು ಹೊದಿಸಿದರು. ಆಯಿ ಗೋಡೆಯ ಮೇಲಿನ ಬೆರಿಟ್‌ಳನ್ನು ನೋಡಿ "ಯಾರಿಕಿ? ಗಂಡ ಸತ್ತಾಕಿ ಇದ್ದಂಗ ಕಾಣ್ತಾಳ" ಎಂದು ಕೈ ಮುಗಿದಳು. ಆಮೇಲೆ ಅನಿಲಕುಮಾರ ಸರ್, ಲಕ್ಷ್ಮಿಬಾಯಿ, ನಾನು ಅವಳನ್ನು ನೂರಾ ಎಂಟನೆಯ ಕೋಣೆಗೆ ಕರೆದುಕೊಂಡು ಹೋದೆವು. ಸರ್ ಕೈಯಲ್ಲಿ ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದರು. ಅದು ಕಂಪನಿಯ ಚರಿತ್ರೆಯ ಚಿತ್ರದ ಕೊನೆಗೆ ಸೇರುತ್ತದೆಂದು ಅವರಿಗೆ ಬಹಳ ಸಂತೋಷವಿತ್ತು.

ಆಯಿ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಒಳಗೆ ಬಂದು ತೊಟ್ಟಿಲು ಹುಡುಕಿದಳು. ಕಣ್ಣು ನೆಲಕ್ಕೆ ಹೋಯಿತು.

"ಅಯ್ಯ, ಕೆಳಗ ಬಿದ್ದದ ನೋಡು." ಬಗ್ಗಿ ಕಂಬಳಿ ಎತ್ತಿದಳು, ಕಣ್ಣಿಗೆ ಒತ್ತಿಕೊಂಡಳು, ಧೂಳು ಕೊಡವಿ ದಿಂಬಿನ ಮೇಲೆ ಇಟ್ಟಳು.

ಸರ್ ನಕ್ಕರು. "ಇಲ್ರೀ ಆಯಿ, ಅದು ಅಲ್ಲೇ ಇರೂದು. ಕೆಳಗ ಹಾಸಿ ಅದರ ಮ್ಯಾಲ ನಿಂದರ್ರಿ. ಬರಿಗಾಲಾಗ ನಿಂತು ಸ್ವಲ್ಪ ನಗ್ರಿ. ಏಳುನೂರು ಹೋಟೆಲ್‌ನಾಗ ನಿಮ್ಮನ್ನ ನೋಡ್ತಾರ."

"ಕೂಸಿನ ಕಂಬಳಿ ಮ್ಯಾಲ ನಿಂದರ್ಲಾ?" ಆಯಿಗೆ ತಮಾಷೆ ಅನಿಸಿತು. ನನ್ನ ಕಡೆ ತಿರುಗಿದಳು. "ಏನಂತಾರವ್ವಾ ಇವ್ರು?"

ಫೋನು ನನ್ನ ಕಡೆ ತಿರುಗಿತು. ಲಕ್ಷ್ಮಿಬಾಯಿ "ಹೇಳವ್ವಾ, ಈಗ ಮೂಗಿ ಆಗಬ್ಯಾಡ" ಎಂದಳು.

"ಆಯಿ, ಇವು ಕೂಸಿಗಲ್ಲ" ಎಂದೆ. "ಕಾಲಿಗಿ."

"ಯಾರ ಕಾಲಿಗಿ?"

"ಬರೂ ಮಂದಿ ಕಾಲಿಗಿ. ಮಂಚದಿಂದ ಇಳಿದ್ರ ತಂಪು ಹತ್ತಬಾರದಂತ."

"ಎಲ್ಲಾ ಅರವತ್ನಾಲ್ಕೂ?"

"ಹ್ಞೂಂ."

ಅವಳು ದಿಂಬಿನ ಮೇಲಿನ ಕಂಬಳಿ ನೋಡಿದಳು. ಆಮೇಲೆ ಅವರ್ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು. "ಗಂಟ್ ಹಾಕುವಾಗ ನಿನಗ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ನಂಬುತ್ತಿದ್ದಳು. ಗುಂಗುರು ಕೂದಲಿನ ಕೂಸನ್ನೇ ನಂಬಿದವಳು. ಆದರೆ ಅವಳ ಸೆರಗಿನ ತುದಿಯಲ್ಲಿ ಆ ಡಬ್ಬಿಯ ಗಂಟು ಕಾಣುತ್ತಿತ್ತು.

"ಗೊತ್ತಿತ್ತು" ಎಂದೆ.

ಆಯಿ ಕಂಬಳಿ ತೆಗೆದುಕೊಂಡು ಆ ತಣ್ಣನೆಯ ಕಲ್ಲಿನ ಮೇಲೆ ಕುಳಿತಳು. ಮೂಲೆಯ ಗಂಟನ್ನು ಉಗುರಿನಿಂದ ಸಡಿಲಿಸಿ, ಹಲ್ಲಿನಿಂದ ಎಳೆದು ಬಿಚ್ಚಿದಳು. ಕೆಂಪು ದಾರವನ್ನು ಸೆರಗಿಗೆ ಕಟ್ಟಿಕೊಂಡಳು. ಕಂಬಳಿಯನ್ನು ತಾನೇ ನೆಲಕ್ಕೆ ಹಾಸಿ, ಅಂಗೈಯಿಂದ ಸಾಪು ಮಾಡಿದಳು.

"ಸಾಹೇಬ್ರ, ಕಂಬಳಿ ನಿಮ್ಮದು. ದಾರ ನಮ್ಮ ಮನಿದು. ಉಳಿದ ಕೋಣಿ ಬಾಗಿಲಾ ತೆಗಸ್ರಿ."

ಸರ್‌ಗೆ ಏನೂ ಅರ್ಥವಾಗಲಿಲ್ಲ. ಕಸುಬಿನವರ ಯಾವುದೋ ಕೊನೆಯ ಕೆಲಸವಿರಬೇಕು ಎಂದುಕೊಂಡರು. "ತೆಗೀರಿ, ತೆಗೀರಿ, ಛಲೋ ಬರ್ಲಾಕತ್ತದ" ಎನ್ನುತ್ತ ನಾಲ್ಕು ಕೋಣೆಗಳ ತನಕ ವಿಡಿಯೋ ತೆಗೆದು, ಫೋನು ಬಂತೆಂದು ಹೊರಟುಹೋದರು. ಕೋಣೆ ತೆರೆಯುವ ಕಾರ್ಡು ನನ್ನ ಕೊರಳಲ್ಲಿತ್ತು. ಒಂದೊಂದೇ ಬಾಗಿಲು ತೆಗೆದೆ. ಜನ ಇದ್ದ ಕೋಣೆಗಳು ಹನ್ನೊಂದು. ಅವರು ಹೊರಗೆ ಹೋಗುವ ತನಕ ಆಯಿ ಬೆರಿಟ್‌ಳ ಫೋಟೋದ ಕೆಳಗೆ ಕಾದಳು. ನಾನು ನೀರು ಕೊಟ್ಟೆ. ಕುಡಿದಳು, ಆದರೆ ಲೋಟವನ್ನು ನನ್ನ ಕೈಗೆ ಕೊಡದೆ ಪಕ್ಕಕ್ಕೆ ಇಟ್ಟಳು. ಸಂಜೆ ಐದಕ್ಕೆ ಅರವತ್ನಾಲ್ಕೂ ಮುಗಿದವು. ಬಸ್ಸಿಗೆ ಒಬ್ಬಳೇ ಹೋದಳು.

ನನ್ನ ಕೆಲಸ ಕಾಯಂ ಆಯಿತು. ಹೊಸದಾಗಿ ಸೇರುವವರಿಗೆ ತೋರಿಸುವ ಚರಿತ್ರೆಯ ಚಿತ್ರದ ಕೊನೆಗೆ ಈಗ ಆಯಿ ಇದ್ದಾಳೆ. ನೆಲಕ್ಕೆ ಕುಳಿತು, ನಗದೆ, ಹಲ್ಲಿನಿಂದ ದಾರ ಎಳೆಯುತ್ತಾಳೆ. ಹಿಂದೆ ಒಳ್ಳೆಯ ಸಂಗೀತ ಬರುತ್ತದೆ. ಊರಿಗೆ ಹೋದರೆ ಚಹಾ ಕೊಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ. ಹೋಟೆಲಿನ ಮಾತು ಮಾತ್ರ ಕೇಳುವುದಿಲ್ಲ.

ಕಳೆದ ತಿಂಗಳು ನನ್ನ ಅಕ್ಕ ಪೂರ್ಣಿಮಾ ಯಾಲಾಲಿನ ಗಂಡನ ಮನೆಯಲ್ಲಿ ಗಂಡು ಕೂಸು ಹೆತ್ತಳು. ಮುತ್ಯಾ ಕಂಬಳಿ ನೇಯ್ದ. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ನಾನು ರಜೆ ಹಾಕಿ ಊರಿಗೆ ಬಂದೆ, ಕೈಕಾಲು ತೊಳೆದುಕೊಂಡು ಆಯಿಯ ಎದುರು ಕುಳಿತೆ. ಅವಳು ದಾರ ತೆಗೆದು ಚಿಕ್ಕಪ್ಪನ ಮಗಳು ಶೃತಿಯನ್ನು ಕರೆದಳು. ಶೃತಿಗೆ ಒಂಬತ್ತು ವರ್ಷ.

ಶೃತಿ ಗಂಟು ಹಾಕಿದಳು, ಬಿಚ್ಚಿಹೋಯಿತು. ಮತ್ತೆ ಹಾಕಿದಳು, ಮತ್ತೆ ಬಿಚ್ಚಿತು. ಆಯಿಯ ಬೆರಳುಗಳು ಈಗ ಅಷ್ಟು ಸಣ್ಣ ಕೆಲಸಕ್ಕೆ ಮಣಿಯುವುದಿಲ್ಲ. ನಾನು ಕೈ ಮುಂದೆ ಚಾಚಿದೆ.

"ಮುಟ್ಟಬ್ಯಾಡ" ಎಂದಳು ಆಯಿ, ನನ್ನ ಕಡೆ ನೋಡದೆ. ದಾರವನ್ನು ಮತ್ತೆ ಶೃತಿಯ ಕೈಗೆ ಕೊಟ್ಟು, "ಅಲ್ಲಿಂದೇ ಬಾಯಿಲೆ ಹೇಳು" ಎಂದಳು.

ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. "ಎಡಗಡಿಂದ ಒಳಗ ತಗೋ ಶೃತಿ" ಎಂದೆ. "ಇನ್ನೊಂದು ಸುತ್ತು. ಈಗ ಬಾಯಿ ಮುಚ್ಚಿ ಎಳಿ. ಅಕ್ಕನ ಕೂಸಿನ್ನ ನೆನಸ್ಕೊಂಡು ಎಳಿ."