ಅರ್ಧ ಡಬ್ಬ ನೀಲಿ

ಬಣ್ಣ ಬಳಿಯುವ ಕಸುಬಿನಲ್ಲಿ ನಮ್ಮತ್ತಿಗೆಯನ್ನು ಮೀರಿಸುವವರನ್ನು ನಾನಿನ್ನೂ ಕಂಡಿಲ್ಲ. ಯಾರಾದರೂ ಇದ್ದರೆ ಬರಲಿ, ನೋಡೇಬಿಡೋಣ!

ಅಮ್ಮನ ಕಣ್ಣು ಮಂಜಾಗುತ್ತಾ ಬಂದಿತ್ತು. ನನ್ನನ್ನೂ ದನಿಯಿಂದಲೇ ಗುರುತಿಸುತ್ತಿದ್ದಳು. ಪೂರ್ತಿ ಕತ್ತಲಾಗುವ ಮೊದಲು, ತಾನು ಚಿಕ್ಕವಳಿದ್ದಾಗ ಮಲಗುತ್ತಿದ್ದ ಕೋಣೆಯ ನೀಲಿಯನ್ನು ಇನ್ನೊಮ್ಮೆ ನೋಡಬೇಕೆಂದಳು. ಅತ್ತಿಗೆ ಅವಳನ್ನು ಬೆಳಕಿಗೆ ಕೂರಿಸಿ, "ಇದಾ ಅತ್ತೆ? ಇನ್ನಷ್ಟು ಬಿಳಿ ಬೇಕಾ?" ಎಂದು ಕೇಳಿ ಕೇಳಿ ಒಂದೇ ಒಂದು ಡಬ್ಬ ಕಲಸಿದರು. ಅಂಥ ಬಣ್ಣ ಎರಡನೇ ಸಲ ಹಾಗೇ ಬರುವುದಿಲ್ಲ. ಮತ್ತೆ ಕಲಸಿ ಬಳಿದರೆ ಗೋಡೆಗೆ ತೇಪೆ ಹಾಕಿದಂತೆ ಎದ್ದು ಕಾಣುತ್ತದೆ.

ಅಮ್ಮನ ಕೋಣೆಯಲ್ಲಿ ಬಾಗಿಲ ಪಕ್ಕದ ತುಂಡು ಗೋಡೆ ಮುಗಿಸಿ ಅತ್ತಿಗೆ ಡಬ್ಬದೊಳಗೆ ಅಳತೆಯ ಕೋಲು ಇಳಿಸಿದರು. ಆರರಲ್ಲಿ ಐದು ಭಾಗ ಇತ್ತು. ಕಿಟಕಿಯ ಗೋಡೆಗೆ ಡಬ್ಬದ ಮೂರನೇ ಒಂದು ಭಾಗ ಬೇಕು. ಮಂಚದ ಎದುರಿನ ದೊಡ್ಡ ಗೋಡೆಗೆ ಅರ್ಧ ಡಬ್ಬ.

"ಕಿಟಕಿ ಗೋಡೆ ಆದ್ಮೇಲೆ ಎಷ್ಟು ಉಳಿಯುತ್ತೆ?" ಪಕ್ಕದಲ್ಲಿ ಬ್ರಷ್ ಹಿಡಿದು ನಿಂತಿದ್ದ ನನ್ನನ್ನು ಕೇಳಿದರು.

"ಐದರಲ್ಲಿ ಒಂದು ಹೋದ್ರೆ ನಾಲ್ಕು, ಆರರಲ್ಲಿ ಮೂರು ಹೋದ್ರೆ ಮೂರು. ನಾಲ್ಕು ಬೈ ಮೂರು! ಬೇಕಾದಷ್ಟಿದೆ ಅತ್ತಿಗೆ, ಬೀರುವಿಗೂ ಬಳೀತೀನಿ." ಹೇಳುತ್ತಲೇ ಬೀರುವಿನ ಮೇಲೆ ಒಂದು ಕೈ ಎಳೆದೂಬಿಟ್ಟೆ.

"ಅಯ್ಯೋ ಮಹರಾಯ, ನಿಲ್ಸು! ತೆಗೆದಷ್ಟೂ ಡಬ್ಬ ತುಂಬೋದಾದ್ರೆ ನಾವ್ಯಾಕೆ ಬಣ್ಣದ ಅಂಗಡಿಗೆ ಹೋಗ್ಬೇಕು?" ಅತ್ತಿಗೆ ಬ್ರಷ್ ಕಿತ್ತುಕೊಂಡು ಕೋಲು ತೋರಿಸಿದರು. "ಮೊದ್ಲು ಎರಡೂ ಒಂದೇ ಅಳತೆಗೆ ಬರ್ಬೇಕು. ಮೂರರಲ್ಲಿ ಒಂದು ಅಂದ್ರೆ ಆರರಲ್ಲಿ ಎರಡು. ಐದರಲ್ಲಿ ಎರಡು ಹೋದ್ರೆ?"

"ಮೂರು. ಆರರಲ್ಲಿ ಮೂರು." ಡಬ್ಬದೊಳಗೆ ಬಗ್ಗಿ ನೋಡಿದೆ. "ನಮಗೆ ಅರ್ಧ ಬೇಕಲ್ಲ! ಸಾಲಲ್ವಲ್ಲ ಅತ್ತಿಗೆ!"

"ಮೇಲೂ ಕೆಳಗೂ ಮೂರರಿಂದ ಭಾಗಿಸೋ."

ಮೇಲೆ ಒಂದು, ಕೆಳಗೆ ಎರಡು. ಅರ್ಧ! ಹೋದ ಜೀವ ಬಂದಂತಾಯಿತು.

ಅತ್ತಿಗೆ ಆ ದೊಡ್ಡ ಗೋಡೆ ಬಳಿದದ್ದನ್ನು ನೀವು ನೋಡಬೇಕಿತ್ತು. ಒಂದು ಹನಿ ನೆಲಕ್ಕೆ ಬೀಳಲಿಲ್ಲ. ತಳ ಕೆರೆದು ಬಳಿದರೂ ಮೂಲೆಯಲ್ಲಿ ಅಂಗೈಯಗಲ ಬಿಳಿ ಉಳಿಯಿತು. ಅದರ ಪಾಲಿನ ಬಣ್ಣ ಬೀರುವಿನ ಮೇಲಿತ್ತು.

ಅಮ್ಮನನ್ನು ಕರೆತಂದು ಮಂಚದ ಮೇಲೆ ಕೂರಿಸಿದೆವು. ಅವಳು ಗೋಡೆಯತ್ತ ಕಣ್ಣು ಕಿರಿದು ಮಾಡಿ ನೋಡಿದಳು.

"ಅದೇ ನೀಲಿ," ಎಂದಳು. ಆಮೇಲೆ ಮೂಲೆಯತ್ತ ಬೆರಳು ಚಾಚಿದಳು. "ಅಲ್ಲಿ ಯಾಕೋ ಬಿಟ್ಟಿದ್ದೀಯ, ಸೋಮಾರಿ?"

ನನ್ನ ಮುಖವೇ ಕಾಣದ ಅಮ್ಮನಿಗೆ ಆ ಬಿಳಿ ಕಂಡಿತ್ತು!

ಅತ್ತಿಗೆಯ ಕಣ್ಣು ತುಂಬಿತ್ತು. "ಅದು ಇವನ ಲೆಕ್ಕ, ಅತ್ತೆ," ಎಂದರು.