ನೆಟ್ಟಗಿದ್ದ ಬಕೆಟ್ಟು

"ಅಜ್ಜಿ, ಈ ಗೇಟು ಹಾಕಿದೆಯಾ ನೋಡು."

ಹುಡುಗಿ ಹೀಗೆ ಕೇಳುವಾಗ ಗೇಟಿನ ಚಿಲಕ ಅವಳ ಬೆರಳುಗಳಲ್ಲೇ ಇತ್ತು. ಅಜ್ಜಿ ಕೋಳಿಗೂಡಿನೊಳಗೆ ಅರ್ಧ ಮೈ ತೂರಿಸಿ ಮೊಟ್ಟೆ ಹುಡುಕುತ್ತಿದ್ದಳು. ಹಾಕಿದೆ ಕಣೇ, ಚಿಲಕ ಹಿಡಿದುಕೊಂಡು ನನ್ನನ್ನೇನು ಕೇಳ್ತೀಯ ಎಂದು ಒಳಗಿನಿಂದಲೇ ಅಂದಳು. ಹುಡುಗಿ ಕದಲಲಿಲ್ಲ. ಅಜ್ಜಿ ಸೊಂಟ ಹಿಡಿದುಕೊಂಡು ಹೊರಗೆ ಬಂದು, ಎರಡು ಮೊಟ್ಟೆಗಳನ್ನು ಎಡಗೈಗೆ ದಾಟಿಸಿ, ಬಲಗೈಯಿಂದ ಗೇಟನ್ನು ಅಲ್ಲಾಡಿಸಿ ತೋರಿಸಿದ ಮೇಲೆಯೇ ಅವಳು ಚಿಲಕ ಬಿಟ್ಟದ್ದು. ಆಮೇಲೆ ಕಾಲು ಮುಂದೆ ಚಾಚಿ, ಚಪ್ಪಲಿ ಎಡಬಲ ಸರಿಯಾಗಿದೆಯಾ ಎಂದು ಕೇಳಿದಳು.

ಅಡುಗೆಮನೆಯ ಕಿಟಕಿಯಲ್ಲಿ ಆಲೂಗಡ್ಡೆ ಹೆರೆಯುತ್ತ ನಿಂತಿದ್ದ ಅಮ್ಮ ಇದನ್ನೆಲ್ಲ ನೋಡಿದಳು. ಹೆರೆದ ಗಡ್ಡೆಯನ್ನೇ ಮತ್ತೆ ಹೆರೆಯುತ್ತಿದ್ದೇನೆ ಎಂದು ಗೊತ್ತಾದದ್ದು ಅದು ಕೈಯಲ್ಲಿ ನಿಂಬೆಹಣ್ಣಿನಷ್ಟಾದಾಗ.

ಹನ್ನೊಂದು ದಿನದ ಹಿಂದಿನವರೆಗೂ ಈ ಹುಡುಗಿಗೆ ಮನೆಯಲ್ಲಿ ಮೇಸ್ತ್ರಿ ಎಂದು ಹೆಸರಿತ್ತು. ಇಟ್ಟವನು ಅಪ್ಪ. ಆರು ತುಂಬಿ ಏಳಕ್ಕೆ ಕಾಲಿಟ್ಟವಳು ಹಸುವಿನಿಂದ ಹಿಡಿದು ಹುಂಜದವರೆಗೆ ಎಲ್ಲರ ಮೇಲೂ ಉಸ್ತುವಾರಿ ಮಾಡುತ್ತಿದ್ದಳು. ಬೂದುಕೋಳಿ ಇವತ್ತು ಮೊಟ್ಟೆ ಇಟ್ಟಿಲ್ಲ, ಸುಮ್ಮನೆ ಇಟ್ಟೆ ಅಂತ ಕೂಗ್ತಿದೆ ಎನ್ನುವಳು. ಹಸು ಎಡಗಾಲನ್ನು ಹಗುರಾಗಿ ಊರುತ್ತಿದೆ ಎಂದು ಮೊದಲು ಕಂಡು ಹೇಳಿದವಳೂ ಅವಳೇ. ಅಪ್ಪ ನೋಡಿದರೆ ಗೊರಸಿನ ಸಂದಿಯಲ್ಲಿ ಕಡಲೆಗಾತ್ರದ ಕಲ್ಲು. ತಮ್ಮ ಗುಂಡನಿಗೆ ಮೂರು ವರ್ಷ. ಅವನನ್ನೂ ಅವಳು ಕರುಗಳ ಲೆಕ್ಕದಲ್ಲೇ ಸೇರಿಸಿಕೊಂಡಿದ್ದಳು. ಹೊಟ್ಟೆ ತುಂಬಿತಾ, ಮೂಗು ಒದ್ದೆ ಇದೆಯಾ, ಬಿಸಿಲಲ್ಲಿ ಕಟ್ಟಬೇಕಾ ಒಳಗೆ ತರಬೇಕಾ.

ಆ ಮನೆಯಲ್ಲಿ ಒಬ್ಬೊಬ್ಬರು ಏಳುವುದು ಒಂದೊಂದು ಹೊತ್ತಿಗೆ. ಅಪ್ಪ ಹಾಲಿನ ಕ್ಯಾನು ಕಟ್ಟಿಕೊಂಡು ಬೆಳಕು ಹರಿಯುವ ಮುಂಚೆ ಹೊರಡುವನು. ಅಮ್ಮ ಒಲೆಗೂ ಕೊಟ್ಟಿಗೆಗೂ ನಡುವೆ ಓಡಾಡುವಳು. ಅಜ್ಜಿಗೆ ಮನಸ್ಸು ಬಂದಾಗ ಬೆಳಗು. ಹಾಗಾಗಿ ಮೇಕೆಗಳಿಗೆ ನುಚ್ಚು ಹಾಕಿದ್ದಾರೋ ಇಲ್ಲವೋ ಎಂದು ಕೂಗಿ ಕೇಳುವ ತಾಪತ್ರಯ ಬೇಡವೆಂದು ಅಪ್ಪ ಒಂದು ಏರ್ಪಾಡು ಮಾಡಿದ್ದ. ಕೊಟ್ಟಿಗೆಯ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಒಂದು ತಗಡಿನ ಬಕೆಟ್ಟು. ನುಚ್ಚು ಹಾಕಿದವರು ಅದನ್ನು ಬೋರಲು ಹಾಕಬೇಕು. ಬೋರಲಿದ್ದರೆ ಹೊಟ್ಟೆ ತುಂಬಿದೆ, ನೆಟ್ಟಗಿದ್ದರೆ ಹಸಿದಿದೆ. ಸಂಜೆ ಅಪ್ಪ ಬಂದು ಅದನ್ನು ಮರುದಿನಕ್ಕೆಂದು ನೆಟ್ಟಗೆ ಮಾಡುವನು. ಅಕ್ಷರ ಕಲಿಯುವ ಮೊದಲೇ ಹುಡುಗಿ ಓದಲು ಕಲಿತದ್ದು ಈ ಬಕೆಟ್ಟನ್ನು.

ಆ ಬೆಳಿಗ್ಗೆ ಗುಂಡನಿಗೆ ಜ್ವರವಿತ್ತು. ಅಮ್ಮ ಬೇಗನೆ ಕೊಟ್ಟಿಗೆಗೆ ಹೋಗಿ, ಎರಡು ವಾರದ ಹಿಂದೆ ಅವಳಿ ಮರಿ ಹಾಕಿದ್ದ ಬಿಳಿಕಿವಿ ಎಂಬ ಮೇಕೆಗೆ, ಬಾಣಂತಿಯಲ್ಲವೇ ಎಂದು ಬಕೆಟ್ಟು ತುಂಬ ಜೋಳದ ನುಚ್ಚು ಸುರಿದು, ಬಕೆಟ್ಟು ಬೋರಲು ಹಾಕಿ ಬಂದಳು. ಬಂದರೆ ಮಗುವಿನ ಹಣೆ ಕಾದ ಹೆಂಚು. ತಣ್ಣೀರು ಬಟ್ಟೆಗೆಂದು ಕೈಗೆ ಸಿಕ್ಕಿದ ಪಾತ್ರೆಯೆಂದು ಅದೇ ಬಕೆಟ್ಟನ್ನು ತಂದು ನೀರು ತುಂಬಿಸಿಕೊಂಡಳು. ಅರ್ಧ ಗಂಟೆಯ ಮೇಲೆ ನೀರು ಚೆಲ್ಲಿ ಅದನ್ನು ಕಟ್ಟೆಯ ಮೇಲೆ ಇಟ್ಟಳು. ನೆಟ್ಟಗೆ ಇಟ್ಟಳು. ಮನೆಯ ಬೇರೆ ಯಾವ ಬಕೆಟ್ಟನ್ನಾದರೂ ಇಡುವ ಹಾಗೆ.

ಹುಡುಗಿ ಎದ್ದು ಬಂದು ನೋಡಿದಳು, ತುಂಬಿಸಿದಳು, ಹಾಕಿದಳು. ಬಿಳಿಕಿವಿ ಬೇಡ ಎನ್ನುವ ಜಾತಿಯದಲ್ಲ. ಎರಡನೆಯದನ್ನೂ ನೆಕ್ಕಿ ಮುಗಿಸಿ ತೊಟ್ಟಿಯ ನೀರು ಕುಡಿಯಿತು. ಮಧ್ಯಾಹ್ನಕ್ಕೆ ಅದರ ಎಡಪಕ್ಕೆ ಉಬ್ಬಿ, ಹಲ್ಲು ಕಡಿಯತೊಡಗಿತು. ದನದ ಡಾಕ್ಟರು ಬಂದು ಎಣ್ಣೆ ಕುಡಿಸಿದರು, ಸೋಡಾ ಕದಡಿ ಕುಡಿಸಿದರು, ಕಿವಿ ಮುಟ್ಟಿ ನೋಡಿ ತಣ್ಣಗಾಗಿದೆಯಲ್ಲ ಎಂದರು. ಮರುದಿನ ಬೆಳಿಗ್ಗೆ ಮರಿಗಳು ಕೆಚ್ಚಲು ಚೀಪುತ್ತಿರುವಾಗಲೇ ಅದು ಹೋಗಿತ್ತು. ಮರಿಗಳಿಗೆ ಅದು ತಿಳಿದಂತಿರಲಿಲ್ಲ.

ಅಪ್ಪ ಕೂಗಾಡುವವನಲ್ಲ. ನುಚ್ಚು ಯಾರು ಹಾಕಿದ್ದು ಎಂದು ಕೇಳಿದ. ನಾನು ಎಂದಳು ಹುಡುಗಿ. ಬಕೆಟ್ಟು ನೋಡಲಿಲ್ಲವಾ ಎಂದ. ನೋಡಿದೆ, ನೆಟ್ಟಗಿತ್ತು ಎಂದಳು. ಅಮ್ಮ ಬೋರಲು ಹಾಕಿದ್ದನ್ನು ಅಜ್ಜಿ ಕಂಡಿದ್ದಳಲ್ಲ ಎಂದ. ಹುಡುಗಿ ಮತ್ತೆ ಅದನ್ನೇ ಹೇಳಿದಳು. ಆಗ ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, ತೀರ ಮೆತ್ತಗೆ ಒಂದು ಮಾತು ಹೇಳಿದ.

"ತಪ್ಪಾದ್ರೆ ಆಯ್ತು ಅನ್ನು ಮಗಳೇ. ಸುಳ್ಳು ಮಾತ್ರ ಹೇಳ್ಬೇಡ."

ಅಮ್ಮ ಅಲ್ಲೇ ಇದ್ದಳು, ಗುಂಡನನ್ನು ಸೊಂಟದ ಮೇಲೆ ಕೂರಿಸಿಕೊಂಡು. ಬಕೆಟ್ಟಿನ ನೀರಿನ ನೆನಪು ಅವಳಿಗೆ ಬಂದದ್ದು ಆ ಕ್ಷಣದಲ್ಲೇ. ಬಾಯಿ ತೆರೆದಳು ಕೂಡ. ಬೆಳಿಗ್ಗೆ ಮತ್ತೆ ಬಂದಿದ್ದ ಡಾಕ್ಟರು ಚೀಲ ಕಟ್ಟುತ್ತಿದ್ದರು, ಅಪ್ಪನ ಮುಖ ಬಾಡಿತ್ತು. ಎಲ್ಲರೂ ಹೋಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಹುಡುಗಿ ಬಾಗಿಲ ಕಡೆ ನೋಡಿದಳು, ಕಟ್ಟೆಯ ಕಡೆ ನೋಡಿದಳು, ಕಣ್ಣು ಉಜ್ಜಿಕೊಂಡು ಇನ್ನೊಮ್ಮೆ ನೋಡಿದಳು.

ಮೊದಲ ದಿನ ಹೇಳಿದ್ದರೆ ಅದೊಂದು ತಪ್ಪು ಮಾತ್ರ ಆಗುತ್ತಿತ್ತು. ಮೂರನೆಯ ದಿನಕ್ಕೆ ಅದು ಎರಡಾಗಿತ್ತು. ಅಮ್ಮ ಮಗಳ ಹಾಲಿಗೆ ಕೆನೆ ಹೆಚ್ಚು ಹಾಕಿದಳು, ಜಡೆಗೆ ಹೊಸ ರಿಬ್ಬನ್ನು ಕಟ್ಟಿದಳು. ಹುಡುಗಿ ರಿಬ್ಬನ್ನು ಮುಟ್ಟಿ ನೋಡಿ, ಇದು ಕೆಂಪಾ ಎಂದು ಕೇಳಿದಳು. ಬಣ್ಣಗಳು ಅವಳಿಗೆ ಎರಡು ವರ್ಷದಿಂದ ಗೊತ್ತು. ತಬ್ಬಲಿ ಮರಿಗಳಿಗೆ ಅಮ್ಮ ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸುವಾಗ ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ದೂರ ನಿಲ್ಲುವಳು. ಮರಿಗಳು ಬಾಟಲಿ ಬಿಟ್ಟು ಅವಳತ್ತ ಓಡಿದರೆ ಅವಳು ಹಿಂದಕ್ಕೆ ಸರಿಯುವಳು.

ಅಜ್ಜಿ ತನಗೆ ಗೊತ್ತಿದ್ದ ಮದ್ದನ್ನೇ ಮಾಡಿದಳು. ಬಿಳಿಕಿವಿ ಮೋಡಗಳ ಮೇಲಿನ ಹುಲ್ಲುಗಾವಲಿಗೆ ಹೋಗಿದೆ, ಅಲ್ಲಿನ ಹುಲ್ಲು ಎಷ್ಟು ತಿಂದರೂ ಹೊಟ್ಟೆ ಉಬ್ಬುವುದಿಲ್ಲ, ಅದರ ಕೊರಳ ಗಂಟೆ ಅಲ್ಲಾಡಿದಾಗಲೇ ಕೆಳಗೆ ಗುಡುಗುವುದು ಎಂದು ಕತೆ ಕಟ್ಟಿದಳು. ಗುಂಡ ಬಾಯಿ ತೆರೆದು ಕೇಳಿದ. ಹುಡುಗಿ ಕೊನೆತನಕ ಕೇಳಿ, ಅಜ್ಜಿ, ನೀನು ನೋಡಿದ್ಯಾ ಎಂದಳು. ಅರವತ್ತು ವರ್ಷ ಕತೆ ಹೇಳಿದ ಅಜ್ಜಿಗೆ ಯಾರೂ ಸಾಕ್ಷಿ ಕೇಳಿರಲಿಲ್ಲ. ಹಲ್ಲಿಲ್ಲದ ಬಾಯಿ ಎರಡು ಸಲ ಆಡಿಸಿ, ನನಗೆ ಕಣ್ಣೇ ಕಾಣಲ್ವಲ್ಲೇ ಎಂದು ಎದ್ದುಹೋದಳು.

ಹನ್ನೊಂದನೆಯ ದಿನ, ಆಲೂಗಡ್ಡೆ ಒಲೆಯ ಮೇಲೇರಿದ ಮೇಲೆ, ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಓಡಿ ಬಂದಿರಲಿಲ್ಲ. ಧ್ವನಿಯಲ್ಲಿ ಅವಸರವೂ ಇರಲಿಲ್ಲ.

"ಅಮ್ಮ, ಗುಂಡ ಹಸು ಹತ್ರ ಇದಾನೆ ಅನ್ಸುತ್ತೆ. ನೀನು ಬಂದು ನೋಡ್ತೀಯಾ?"

ಮನೆಯ ಎರಡು ಹಸುಗಳಲ್ಲಿ ಒಂದು ಮೊನ್ನೆಯಷ್ಟೇ ಕರು ಹಾಕಿತ್ತು. ಅಪ್ಪನನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಅಮ್ಮ ಸೌಟು ಎಲ್ಲಿ ಬಿಟ್ಟಳೋ, ಹೇಗೆ ಅಂಗಳ ದಾಟಿದಳೋ. ಗುಂಡ ಕೊಟ್ಟಿಗೆಯ ಒದ್ದೆ ಹುಲ್ಲಿನ ಮೇಲೆ ಕುಳಿತು ಎರಡೂ ಕೈಯಿಂದ ಕರುವಿನ ಬಾಲ ಹಿಡಿದು ಎಳೆಯುತ್ತಿದ್ದ. ಹಸು ತಲೆ ತಗ್ಗಿಸಿ, ಕೊಂಬನ್ನು ಅವನ ಬೆನ್ನಿನಿಂದ ಒಂದು ಗೇಣು ದೂರದಲ್ಲಿ ಹಿಡಿದು ಬುಸುಗುಟ್ಟುತ್ತಿತ್ತು. ಹಗ್ಗ ಪೂರ್ತಿ ಬಿಗಿದಿತ್ತು. ಆ ಒಂದು ಗೇಣು ಉಳಿದದ್ದು ಹಗ್ಗದಿಂದ. ಅಮ್ಮ ಅವನ ರೆಟ್ಟೆಗೆ ಕೈಹಾಕಿ ಹಿಂದಕ್ಕೆ ಎಳೆದಾಗ ಹಸು ಗಾಳಿಯನ್ನು ಹಾಯ್ದು ಗೋಡೆಯ ಮಣ್ಣು ಉದುರಿಸಿತು.

ಗುಂಡ ಬಾಲ ಕೈತಪ್ಪಿತೆಂದು ಅಳುತ್ತಿದ್ದ. ಅಮ್ಮ ಅವನನ್ನು ಸೊಂಟಕ್ಕೇರಿಸಿಕೊಂಡು ಮಗಳತ್ತ ತಿರುಗಿದಳು. ಯಾವಾಗ ನೋಡಿದೆ ಇವನನ್ನು ಎಂದು ಕೇಳಿದಳು. ಆಗಲೇ ಎಂದಳು ಮಗಳು. ಮೊದಲು ಗುಂಡ ಅನ್ನಿಸಿತಂತೆ. ಆಮೇಲೆ ಗೋಣಿಚೀಲ ಇರಬಹುದು ಅನ್ನಿಸಿತಂತೆ. ಅಜ್ಜಿಯನ್ನು ಕೇಳೋಣವೆಂದರೆ ಅಜ್ಜಿ ನಿದ್ದೆಯಲ್ಲಿದ್ದಳಂತೆ. ಸುಳ್ಳಾಗಬಾರದು ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿದಳಂತೆ.

ಅಮ್ಮ ಕೊಟ್ಟಿಗೆಯ ನೆಲದ ಮೇಲೆ ಕುಳಿತುಬಿಟ್ಟಳು. ಈಗ ಮಗಳ ಮುಖ ಅವಳ ಮುಖದ ಎತ್ತರಕ್ಕಿತ್ತು. ಆ ದಿನದ ಮಾತನ್ನು ಮೊದಲಿನಿಂದ ಹೇಳಿದಳು. ಗುಂಡನ ಜ್ವರ, ತಣ್ಣೀರು, ಬಟ್ಟೆ, ತಾನು ಚೆಲ್ಲಿದ ನೀರು, ತಾನು ಇಟ್ಟ ಬಕೆಟ್ಟು. ಒಂದನ್ನೂ ಬಿಡಲಿಲ್ಲ. ಹುಡುಗಿ ಗುಡುಗಿನ ಕತೆ ಕೇಳಿದ ಹಾಗೆಯೇ ಇದನ್ನೂ ಅಲುಗಾಡದೆ ಕೇಳಿದಳು.

"ನೆಟ್ಟಗಿತ್ತಾ?"

"ನೆಟ್ಟಗೇ ಇತ್ತು ಕಂದ."

"ನಾನು ನೋಡಿದಾಗ?"

"ನೀನು ನೋಡಿದಾಗ ನೆಟ್ಟಗೇ ಇತ್ತು. ನೀನು ಸರಿಯಾಗೇ ನೋಡಿದ್ದೆ."

ಹುಡುಗಿ ಅಳಲಿಲ್ಲ, ಅಮ್ಮನ ಕೊರಳಿಗೂ ಬೀಳಲಿಲ್ಲ. ಅಪ್ಪನಿಗೆ ಹೇಳು ಎಂದಳು. ಹೇಳುತ್ತೇನೆ, ಊಟಕ್ಕೆ ಬರಲಿ ಎಂದಳು ಅಮ್ಮ. ಹುಡುಗಿ ಆಗಲೇ ಹೊರಟಿದ್ದಳು. ಹಿತ್ತಲಿನ ಬೇಲಿಗೆ ಅಪ್ಪ ತಂತಿ ಬಿಗಿಯುತ್ತಿದ್ದ ಕಡೆಗೆ ಅವಳು ಮುಂದೆ, ಗುಂಡನನ್ನು ಎತ್ತಿಕೊಂಡ ಅಮ್ಮ ಹಿಂದೆ.

ಅಪ್ಪನೆದುರು ನಿಂತು ಅಮ್ಮ ಎರಡೇ ಮಾತಿನಲ್ಲಿ ಹೇಳಿದಳು. "ಆವತ್ತು ಬಕೆಟ್ಟು ನೆಟ್ಟಗೇ ಇತ್ತು ರೀ. ಇಟ್ಟಿದ್ದು ನಾನು."

ಅಪ್ಪನ ಕೈಯಲ್ಲಿ ಇಕ್ಕಳ ಹಾಗೇ ನಿಂತಿತು. ಅವನು ಹೆಂಡತಿಯನ್ನು ನೋಡಲಿಲ್ಲ. ಬಿಗಿದಿದ್ದ ತಂತಿ ಸುರುಳಿಯಾಗಿ ಹಿಂದಕ್ಕೆ ಹಾರಿದ್ದನ್ನೂ ಗಮನಿಸಲಿಲ್ಲ. ಮಂಡಿಯೂರಿ ಕುಳಿತು, ಮೇಸ್ತ್ರಿ, ನಾನು ನಿನ್ನ ಮಾತು ನಂಬಬೇಕಿತ್ತು ಎಂದ. ಹುಡುಗಿ ಅವನ ಹೆಗಲಿಗೆ ಅಂಟಿದ್ದ ಹುಲ್ಲಿನ ಎಳೆಯೊಂದನ್ನು ತೆಗೆದು ಎಸೆದಳು. ಅಷ್ಟಕ್ಕೆ ಅವನೊಂದಿಗಿನ ವ್ಯವಹಾರ ಮುಗಿದಂತಿತ್ತು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ನಾನು ನೆಟ್ಟಗಿತ್ತು ಅಂದಾಗ ನೀನು ಅಲ್ಲೇ ಇದ್ಯಲ್ಲ."

ಇದು ಪ್ರಶ್ನೆಯಾಗಿರಲಿಲ್ಲ. ಆದರೂ ಅಮ್ಮ ಉತ್ತರಿಸಿದಳು.

"ಇದ್ದೆ."

ಹುಡುಗಿ ತಲೆಯಾಡಿಸಿದಳು. ಗುಂಡನ ಅಂಗಿಗೆ ಸಗಣಿ ಆಗಿದೆ, ಬದಲಾಯಿಸಬೇಕು ಎಂದು ಹೇಳಿ ಮನೆಯ ಕಡೆ ನಡೆದಳು. ಆಗಿದೆಯಾ ಎಂದು ಕೇಳಲಿಲ್ಲ. ಅಪ್ಪ ಅದನ್ನು ಗಮನಿಸಿ ಹೆಂಡತಿಯತ್ತ ನೋಡಿ ನಗಲು ಹೋದ. ಅವಳು ಮಗಳ ಬೆನ್ನನ್ನೇ ನೋಡುತ್ತಿದ್ದಳು.

ಮಧ್ಯಾಹ್ನವಿಡೀ ಅಂಗಳದಲ್ಲಿ ಹಳೆಯ ಸದ್ದು ಕೇಳಿಸಿತು. ಬೂದುಕೋಳಿಗೆ ಬೈಗುಳ ಬಿತ್ತು. ಅಜ್ಜಿ ತನ್ನ ಸ್ವೆಟರನ್ನು ಒಳಹೊರಗು ಮಾಡಿ ಹಾಕಿಕೊಂಡದ್ದು ಬಯಲಾಯಿತು. ಅಜ್ಜಿ ಖುಷಿಯಾಗಿ, ಕಣ್ಣು ಬಂತಲ್ಲೇ ನಿನಗೆ ಎಂದು ಬೊಚ್ಚುಬಾಯಿ ತೆರೆದು ನಕ್ಕಳು.

ಸಂಜೆ ಬಿಸಿಲು ಕೊಟ್ಟಿಗೆಯ ಹೊಸ್ತಿಲು ದಾಟಿ ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಅಮ್ಮ ಹಾಲು ಕಾಯಿಸಿ, ಬಾಟಲಿಗೆ ತುಂಬಿಸಿ, ರಬ್ಬರ್ ಮೊಲೆ ಸಿಕ್ಕಿಸಿ ತಂದಳು. ಮಗಳು ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಎರಡೂ ಮರಿಗಳು ಅವಳನ್ನು ಹತ್ತಿ ಇಳಿಯುತ್ತಿದ್ದವು. ಕೊಡು, ನಾನೇ ಕುಡಿಸ್ತೀನಿ ಎಂದು ಕೈಚಾಚಿದಳು. ಅಮ್ಮ ಬಾಟಲಿ ಕೊಟ್ಟಳು.

"ಬಿಸಿ ಆರಿದೆ. ಈಗ್ಲೇ ಕುಡಿಸಬಹುದು."

ಹುಡುಗಿ ಬಾಟಲಿಯನ್ನು ಓರೆ ಮಾಡಿ ತನ್ನ ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟುಕೊಂಡಳು. ಮರಿಗಳು ಅರಚುತ್ತ ಅವಳ ಮಂಡಿಗೆ ತಲೆಯಿಂದ ಗುದ್ದುತ್ತಿದ್ದವು. ಅಮ್ಮ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದಳು. ಹುಡುಗಿ ತಲೆಯೆತ್ತಲಿಲ್ಲ. ಹನಿ ಮೆಲ್ಲಗೆ ಜಾರಿ ಮೊಣಕೈಯತ್ತ ಇಳಿಯುವುದನ್ನು, ಕಾಯುತ್ತ, ನೋಡುತ್ತ ಕುಳಿತಳು.