ಮೀಟರ್ ಕೋಣೆಯ ತಾಯಿ

ಡೊಂಬಿವಲಿಯ ಮೂರನೇ ಮಹಡಿಯ ಆ ಮನೆಯಲ್ಲಿ ಸಂಜೆಯಾದರೆ ನದಿ ಹರಿಯುತ್ತಿತ್ತು. ಟಿವಿಯ ಎರಡು ಮಗ್ಗುಲಿಗೆ ಎರಡು ಸ್ಪೀಕರ್, ನಡುವೆ ಒಂದು, ಸೋಫಾದ ಬೆನ್ನಿಗೆ ಮತ್ತೆರಡು. ಅವುಗಳ ಮಧ್ಯೆ ಸುಶೀಲಾಬಾಯಿ ಕಾಲು ಮಡಚಿ ಕೂತರೆ ಗೋಡೆಗಳು ಎಲ್ಲಿಗೋ ಸರಿದುಹೋಗುತ್ತಿದ್ದವು. ಆಕೆಯ ಕಣ್ಣು ಪೂರ್ತಿ ಹೋಗಿ ನಾಲ್ಕು ವರ್ಷ. ಆದರೂ ಸಿನಿಮಾ ನೋಡುತ್ತೇನೆ ಎಂದೇ ಆಕೆ ಹೇಳುತ್ತಿದ್ದದ್ದು. ಬಂಡಿ ದೇವರ ಮನೆಯ ಕಡೆಯಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿತು, ಬೆನ್ನ ಹಿಂದೆ ಯಾರೋ ಬಾವಿಗೆ ಕೊಡ ಇಳಿಸುತ್ತಿದ್ದಾರೆ ಎಂದು ಗಂಡ ವಿರುಪಾಕ್ಷಪ್ಪನವರಿಗೆ ಆಕೆಯೇ ಕೈಮಾಡಿ ತೋರಿಸುವರು. ಕಣ್ಣಿದ್ದ ಅವರಿಗೆ ಕಾಣುತ್ತಿದ್ದುದು ಟಿವಿಯಷ್ಟಗಲದ ಲೋಕ ಮಾತ್ರ.

ಬಣ್ಣದ ಕಾರ್ಖಾನೆಯಿಂದ ನಿವೃತ್ತರಾದ ವಿರುಪಾಕ್ಷಪ್ಪ ಆ ಹೋಮ್ ಥಿಯೇಟರನ್ನು ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಿದ್ದರು. ಕರೆಂಟು ಹೋಗುವುದಕ್ಕಲ್ಲ, ಬರುವುದಕ್ಕೇ ಅವರಿಗೆ ಭಯ. ಹೋಗುವಾಗ ಸುಮ್ಮನೆ ಹೋಗುತ್ತದೆ, ಬರುವಾಗ ಬಾಗಿಲು ಒದ್ದುಕೊಂಡು ಬರುತ್ತದೆ. ಹೋದ ವರ್ಷ ಹಾಗೆ ಬಂದ ಕರೆಂಟಿಗೆ ಆಂಪ್ಲಿಫೈಯರ್ ಸತ್ತಿತ್ತು. ವಿಜಯಪುರದ ಕಡೆಯ ಮೆಕ್ಯಾನಿಕ್ ಸಂಗಮೇಶ ಎಲ್ಲಿಂದಲೋ ಹಳೆಯ ಸಾಮಾನು ತಂದು ಬದುಕಿಸಿದ. ಇನ್ನೊಮ್ಮೆ ಈ ಸಾಮಾನು ಸಿಗುವುದಿಲ್ಲ, ಈಗಿನವು ಹೆಚ್ಚಾಗಿ ಟಿವಿಯ ಕೆಳಗಿಡುವ ಒಂದೇ ಉದ್ದನೆಯ ಸ್ಪೀಕರ್ ಪಟ್ಟಿ, ಬೆನ್ನ ಹಿಂದಿನ ಸದ್ದು ಬೇಕಾದರೆ ಇದನ್ನೇ ಕಾಪಾಡಿಕೊಳ್ಳಿ ಎಂದು ಹೇಳಿ ಒಂದು ಸ್ಪೈಕ್ ಗಾರ್ಡ್ ಹಾಕಿಕೊಟ್ಟ. ಮಿತಿಮೀರಿ ಬಂದ ಕರೆಂಟನ್ನು ಅದು ಅರ್ಥಿಂಗ್ ತಂತಿಯ ದಾರಿಯಲ್ಲಿ ನೆಲಕ್ಕೆ ಇಳಿಸುತ್ತದಂತೆ. ಕರೆಂಟು ಹೋದೊಡನೆ ಪ್ಲಗ್ ಕೀಳಬೇಕು, ಬಂದು ಹತ್ತು ನಿಮಿಷ ಮುಟ್ಟಬಾರದು ಎಂಬುದು ಮನೆಯ ನೇಮವಾಯಿತು.

ಇಷ್ಟು ಜಾಣರು ಕೆಳಗೆ ಹೋಗಿ ಮಾಡಿದ್ದೇನು ನೋಡಿ. ಅವರು ಆ ಕಟ್ಟಡದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಮೀಟರ್ ಕೋಣೆಯ ಹೊರಗೆ ನೆಲದಲ್ಲಿ ಒಂದು ಚಪ್ಪಡಿ, ಅದರ ನಡುವಿನಿಂದ ಗೇಣುದ್ದ ಎದ್ದ ಕೊಳವೆ. ಮೆಟ್ಟಿಲು ಗುಡಿಸುವ ಮರಗಮ್ಮ ದಿನಾ ಬೆಳಿಗ್ಗೆ ಅಲ್ಲಿಗೆ ಒಂದು ಕೊಡ ನೀರು ಸುರಿದು, ಕಲ್ಲಿಗೆ ಕುಂಕುಮ ಹಚ್ಚಿ, ಕೈಮುಗಿದು ಪೊರಕೆ ಹಿಡಿಯುತ್ತಿದ್ದಳು. ಕಲಬುರಗಿ ಕಡೆಯವಳು. ಬಾಗಿಲ ಮೇಲೆ ತಲೆಬುರುಡೆ, ಒಳಗೆ ಹಗಲಿರುಳು ಗುಂಯ್ ಎನ್ನುವ ಉಸಿರು, ಮುಟ್ಟಿದವರಿಗೆ ಸಾವು. ಇದು ಉರಿಯುವ ತಾಯಿಯಲ್ಲದೆ ಇನ್ನೇನು ಎಂದು ಬಂದ ಮೊದಲ ದಿನವೇ ತೀರ್ಮಾನಿಸಿದ್ದಳು.

ಮೇ ತಿಂಗಳು, ಟ್ಯಾಂಕರ್ ನೀರಿನ ಕಾಲ. ವಿರುಪಾಕ್ಷಪ್ಪ ಅವಳನ್ನು ತಡೆದರು.

"ತಾಯಿ ಭಾಳ ಉರೀತಾಳ್ರಿ ಸಾಹೇಬ್ರ. ಒಂದ್ ಕೊಡ ತಂಪ್ ಮಾಡ್ಲಕ್ ಬಿಡ್ರಿ" ಎಂದಳು ಮರಗಮ್ಮ.

ಕರೆಂಟಿನ ಪಕ್ಕ ನೀರು ಸುರಿಯುವ ದಡ್ಡತನಕ್ಕೆ ದೇವರ ಹೆಸರು ಬೇರೆ ಎಂದು ಅವರು ಗದರಿದರು. ಗದರಿದ್ದು ಸಾಲದೆಂದು ಕಲ್ಲಿನ ಕುಂಕುಮವನ್ನು ಚಪ್ಪಲಿಯ ತುದಿಯಿಂದ ಉಜ್ಜಿಬಿಟ್ಟರು. ಮರಗಮ್ಮ ಕೊಡ ಎತ್ತಿಕೊಂಡು ಹೋದಳು.

ಮೂರು ವಾರ ಕಳೆಯಿತು. ಒಂದು ಸಂಜೆ ನದಿಯ ಮೇಲೆ ದೋಣಿ ಸಾಗುತ್ತಿತ್ತು. ಅದು ತನ್ನ ಎಡಗಿವಿಯನ್ನು ದಾಟಿ ಬೆನ್ನ ಹಿಂದಿನ ದಡಕ್ಕೆ ಹೊರಟಿದೆ ಎಂದು ಸುಶೀಲಾಬಾಯಿ ತಲೆ ವಾಲಿಸಿ ಕೇಳುತ್ತಿರುವಾಗ ಕರೆಂಟು ಹೋಯಿತು. ವಿರುಪಾಕ್ಷಪ್ಪ ತಡಕಾಡುತ್ತ ಎದ್ದು ಪ್ಲಗ್ಗಿಗೆ ಕೈಹಾಕುವಷ್ಟರಲ್ಲಿ ಕರೆಂಟು ಬಂದೇಬಿಟ್ಟಿತು. ದೀಪಗಳು ಕ್ಷಣ ಹೊತ್ತು ಬೆಳ್ಳಗೆ ಉರಿದವು. ಚಟ್ ಎಂಬ ಸದ್ದು, ಆಮೇಲೆ ಸುಟ್ಟ ವಾಸನೆ.

ಮರುದಿನ ಸಂಗಮೇಶ ಬಂದು ಬಿಚ್ಚಿ ನೋಡಿದ. ಮುಂದಿನ ಮೂರು ಸ್ಪೀಕರ್ ಹೇಗೋ ಉಳಿದವು, ಹಿಂದಿನವೆರಡರ ಕಥೆ ಮುಗಿದಿತ್ತು. ಸ್ಪೈಕ್ ಗಾರ್ಡ್ ಇದ್ದೂ ಯಾಕೆ ಹೀಗಾಯಿತೆಂದು ತಂತಿಯ ಜಾಡು ಹಿಡಿದು ಕೆಳಗಿಳಿದವನು ಆ ಚಪ್ಪಡಿ ಎತ್ತಿದ. ಒಳಗಿನ ಇದ್ದಿಲು, ಉಪ್ಪು, ಮಣ್ಣು ಎಲ್ಲ ಒಣಗಿ ಬಿರುಕುಬಿಟ್ಟಿದ್ದವು.

"ಕಾಕಾ, ಇದು ಅರ್ಥಿಂಗ್ ಗುಂಡಿ. ಹಸಿ ಇದ್ರ ಕರೆಂಟ್ ನೆಲಕ್ಕ ಇಳೀತದ, ಒಣಗಿದ್ರ ಇಳಿಯಾಂಗಿಲ್ಲ. ಇಲ್ಲಿ ದಿನಾ ನೀರ್ ಹಾಕಿದ ಗುರ್ತು ಅದ. ಯಾರೋ ನಿಮ್ಮನ್ನ ಇಷ್ಟ್ ದಿನಾ ಕಾದಾರ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಸಂಜೆ ಅದೇ ನದಿ ಹಾಕಿದರು. ದೋಣಿ ಬಂತು, ಸುಶೀಲಾಬಾಯಿಯ ಕಿವಿಯವರೆಗೆ ಬಂದು ಅಲ್ಲೇ ಕರಗಿಹೋಯಿತು. ಆಕೆ ತುಸು ಹೊತ್ತು ಕಾದರು. ಆಮೇಲೆ ಕೈಯನ್ನು ಹಿಂದಕ್ಕೆ ಚಾಚಿ ಗಾಳಿಯಲ್ಲಿ ಸವರಿ ನೋಡಿದರು.

"ಹಿಂದ ಗ್ವಾಡಿ ಬಂದು ನಿಂತದರೀ."

ವಿರುಪಾಕ್ಷಪ್ಪನವರಿಗೆ ಅಳು ಬಂತು. ಮರಗಮ್ಮನನ್ನು ಬೈದದ್ದು, ಕುಂಕುಮ ಅಳಿಸಿದ್ದು, ಒಂದನ್ನೂ ಬಿಡದೆ ಹೆಂಡತಿಗೆ ಹೇಳಿದರು. ಆಕೆ ಸಮಾಧಾನದ ಮಾತಾಡಲಿಲ್ಲ. ನಾಳೆ ಕೊಡ ನೀವು ಹೊರಿ, ನಾನೂ ಬರುತ್ತೇನೆ ಎಂದಷ್ಟೇ ಹೇಳಿದರು.

ಬೆಳಿಗ್ಗೆ ಅವರ ಹೆಗಲ ಮೇಲೆ ಆಕೆಯ ಕೈ, ಕಂಕುಳಲ್ಲಿ ತುಂಬಿದ ಕೊಡ. ಮೂರು ಮಹಡಿ ಇಳಿದು ಅವರು ಗುಂಡಿಯ ಮುಂದೆ ಬಗ್ಗಿದಾಗ ಮರಗಮ್ಮ ಪೊರಕೆ ಕೆಳಗಿಟ್ಟಳು.

"ಚಪ್ಲಿ ಬಿಡ್ರಿ ಸಾಹೇಬ್ರ."

ಬಿಟ್ಟರು. ನೀರು ಸುರಿಯಿತು, ಒಣ ಮಣ್ಣು ಅದನ್ನು ಗಟಗಟ ಕುಡಿಯಿತು. ಸುಶೀಲಾಬಾಯಿ ತಲೆ ವಾಲಿಸಿದರು. ನೀರು ಕೆಳಗೆ, ಕಟ್ಟಡದ ಕೆಳಗೆ, ಅದಕ್ಕೂ ಕೆಳಗೆ ಹೊರಟಿದೆ, ಬಹಳ ದೂರದ ದಾರಿ ಎಂದು ಕೈಮಾಡಿ ತೋರಿಸತೊಡಗಿದರು. ನಿನ್ನೆಯಿಂದ ಕಾಣದಿದ್ದ ನಗು ಆಕೆಯ ಮುಖಕ್ಕೆ ಬಂದಿತ್ತು.

ವಿರುಪಾಕ್ಷಪ್ಪ ಬರಿಗಾಲಲ್ಲಿ ನಿಂತು ಕಣ್ಣು ಮುಚ್ಚಿ ಕೇಳಿದರು. ಸದ್ದು ನಿಂತ ಮೇಲೆ, ಇನ್ನೊಂದು ಕೊಡ ತರಲೇ ಎಂದು ಮರಗಮ್ಮನ ಅಪ್ಪಣೆ ಬೇಡಿದರು.